ಗುರುಚಿತ್ರಗಳ ಬಣ್ಣದ ಬಂಧ: ಅಗಸೆಯೆಣ್ಣೆಯೂ ಶಾಖಪಕ್ವ ವರ್ಣವೂ

ಲಿಂಗಾಯತ ಮಠಗಳ ಒಳಾಂಗಣವನ್ನು ಹೊಕ್ಕವರ ದೃಷ್ಟಿಗೆ ಗದ್ದುಗೆಯ ತರುವಾಯ ಮೊದಲು ಬೀಳುವವು ಪೂರ್ವದ ಗುರುಗಳ ಭಾವಚಿತ್ರಗಳು. ಗೋಡೆಯ ಮೇಲೆ ಸಾಲಾಗಿ ತೂಗಹಾಕಿದ ಈ ಪಟಗಳು ಮಠದ ಪರಂಪರೆಯನ್ನು ಅಕ್ಷರಜ್ಞಾನವಿಲ್ಲದ ಭಕ್ತನಿಗೂ ತಿಳಿಸಿಕೊಡುವವು. ಯಾರ ತರುವಾಯ ಯಾರು ಪೀಠವನ್ನೇರಿದರು, ಯಾವ ಅಪ್ಪಗಳ ಕಾಲಕ್ಕೆ ಪ್ರಸಾದನಿಲಯವು ತೆರೆಯಿತು, ಯಾವ ಅಜ್ಜನವರು ಲಿಂಗಪೂಜೆಯಲ್ಲಿಯೇ ಆಯುಷ್ಯವನ್ನು ಸವೆಯಿಸಿದರು ಎಂಬದನ್ನು ಹಿರಿಯರು ಮಕ್ಕಳಿಗೆ ಹೇಳುವದು ಈ ಚಿತ್ರಗಳ ಕಡೆಗೆ ಬೆರಳುಮಾಡಿಯೇ. ಹೀಗಿರಲು ಇವುಗಳ ಬಣ್ಣವು ಕಂದಿ, ಮುಖದ ಮೇಲೆ ಬಿರುಕು ಮೂಡಿ, ಹಣೆಯ ವಿಭೂತಿಯು ಹಳದಿಗೆ ತಿರುಗಿದಾಗ ಭಕ್ತರ ಮನಸ್ಸು ನೋಯುವದು ಸಹಜ. ಮಹೋತ್ಸವವು ಸಮೀಪಿಸಿದಾಗಲಂತೂ ಹಳೆಯ ಪಟಗಳಿಗೆ ಹೊಸ ಕಳೆಯನ್ನು ಕೊಡಿಸಬೇಕು, ಇಲ್ಲವೆ ಬೇಗನೆ ಹೊಸ ಚಿತ್ರವನ್ನು ಬರೆಯಿಸಬೇಕು ಎಂಬ ಆತುರವು ಹುಟ್ಟುವದು. ಈ ಆತುರಕ್ಕೆ ಅನುಕೂಲವಾಗಿ ಈಗ ಶಾಖ ಕೊಟ್ಟೊಡನೆ ಗಟ್ಟಿಯಾಗುವ ಕೃತಕ ಬಣ್ಣಗಳು ಜಗತ್ತಿನ ಪೇಟೆಗಳಿಗೆ ಬಂದಿರುವವು. ಅವುಗಳನ್ನು ಪೂರ್ವದ ಎಣ್ಣೆಬಣ್ಣದೊಡನೆ ಕೂಡಿಸಬಹುದೇ, ಕೂಡಿಸಿದರೆ ಚಿತ್ರವು ಎಷ್ಟು ಬಾಳೀತು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಚಿತ್ರಗಾರನ ಅಂಗಡಿಯ ಮಾತಾಗಿ ಕಂಡರೂ, ಗುರುವಿನ ಮುಖವು ಮುಂದಿನ ತಲೆಮಾರಿಗೆ ಉಳಿಯುವದೋ ಇಲ್ಲವೋ ಎಂಬ ದೊಡ್ಡ ಮಾತು ಅದರಲ್ಲಿ ಅಡಗಿರುವದು.

ಮುಖವೊಂದು ಕಳೆದುಹೋದರೆ ಏನಾಗುವದೆಂಬದನ್ನು ಕಿತ್ತೂರ ನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ. ರಾಣಿ ಚೆನ್ನಮ್ಮನವರು 1824ನೆಯ ಇಸವಿಯ ಅಕ್ಟೋಬರದಲ್ಲಿ ಥ್ಯಾಕರೆಯ ದಂಡನ್ನು ಮುರಿದರು. ಡಿಸೆಂಬರದಲ್ಲಿ ಕೋಟೆಯು ಇಂಗ್ಲಿಷರ ಕೈಸೇರಿತು. 1829ರಲ್ಲಿ ರಾಣಿಯವರು ಬೈಲಹೊಂಗಲದಲ್ಲಿ ಬಂಧನದಲ್ಲಿರುವಾಗಲೇ ಲಿಂಗೈಕ್ಯರಾದರು. ಛಾಯಾಚಿತ್ರದ ವಿದ್ಯೆಯು ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ, ಅಂದರೆ ಅದಕ್ಕೆ ಹತ್ತು ವರ್ಷಗಳ ತರುವಾಯ. ಇಂದು ಮನೆಮನೆಗಳಲ್ಲಿ, ಶಾಲೆಗಳಲ್ಲಿ, ಚೌಕುಗಳಲ್ಲಿ ಕಾಣುವ ರಾಣಿಯ ರೂಪವು ನಂತರದ ಚಿತ್ರಗಾರರ ಮತ್ತು ಶಿಲ್ಪಿಗಳ ಭಾವನೆಯಿಂದ ಮೂಡಿದ್ದು. 2007ನೆಯ ಇಸವಿಯ ಸಪ್ಟೆಂಬರ 11ರಂದು ದಿಲ್ಲಿಯ ಸಂಸತ್ ಭವನದ ಆವರಣದಲ್ಲಿ ನಿಲ್ಲಿಸಿದ ಪ್ರತಿಮೆಗೂ ಇದೇ ಮಾತು ಸಲ್ಲುವದು. ಆ ಭಾವನೆಯು ಪೂಜ್ಯವಾದದ್ದೇ ಸರಿ. ಆದರೆ ಅದು ನೋಡಿ ಬರೆದದ್ದಲ್ಲ. ಗುರುಗಳು ಎದುರಿಗೆ ಕುಳಿತಿರುವಾಗ ನೋಡಿ ಬರೆದ ಒಂದು ಪಟವು ಮಠದಲ್ಲಿದ್ದರೆ ಅದರ ಬೆಲೆ ಏನೆಂಬದು ಇದರಿಂದ ಅರಿವಾಗುವದು.

ನೋಡಿ ಬರೆಯುವ ಚಿತ್ರಕ್ಕೆ ಕನ್ನಡ ನಾಡಿನಲ್ಲಿ ಹಳೆಯ ಹೆಸರೇ ಉಂಟು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು (1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಗ್ರಂಥದಲ್ಲಿ ಕನ್ನಡಿಯೊಳಗಿನ ಪ್ರತಿಬಿಂಬದಂತೆ ಹೋಲಿಕೆಯುಳ್ಳ ಚಿತ್ರಕ್ಕೆ ‘ವಿದ್ಧಚಿತ್ರ’ವೆಂದು ಕರೆದಿರುವನು. ಬಸವಣ್ಣನವರಿಗೆ ಸ್ವಲ್ಪ ಹಿಂದಿನ ಈ ಗ್ರಂಥವು ಚಿತ್ರದ ರಸಭಾವಗಳನ್ನಷ್ಟೇ ಹೇಳದೆ, ಬಣ್ಣವನ್ನು ಹಿಡಿದು ನಿಲ್ಲಿಸುವ ಅಂಟಿನ ವಿಷಯವನ್ನೂ ಸವಿಸ್ತರವಾಗಿ ಹೇಳುವದು. ಎಮ್ಮೆಯ ತೊಗಲನ್ನು ನೀರಿನಲ್ಲಿ ಕುದಿಸಿ ಕರಗಿಸಿ ತೆಗೆದ ಸರಸಿಗೆ ಅಲ್ಲಿ ‘ವಜ್ರಲೇಪ’ವೆಂದು ಹೆಸರು. ಬಣ್ಣವು ಎಷ್ಟು ಸುಂದರವಾಗಿದ್ದರೂ ಕೇವಲ ಪುಡಿ. ಅದನ್ನು ಗೋಡೆಗೋ ಹಲಗೆಗೋ ಬಟ್ಟೆಗೋ ಬಂಧಿಸುವ ವಸ್ತುವೇ ಚಿತ್ರದ ಆಯುಷ್ಯ. ಕಾವಿಮಣ್ಣು ಎಲ್ಲ ಕಾಲಕ್ಕೂ ಅದೇ ಕಾವಿಮಣ್ಣು. ಅದು ಸರಸಿನಲ್ಲಿದೆಯೋ, ಗೋಂದಿನಲ್ಲಿದೆಯೋ, ಎಣ್ಣೆಯಲ್ಲಿದೆಯೋ ಎಂಬುದರ ಮೇಲೆ ಚಿತ್ರದ ಜಾತಿಯು ನಿರ್ಧಾರವಾಗುವದು. ಕೆಳದಿಯ ವೀರಶೈವ ಅರಸನಾದ ಬಸವಭೂಪಾಲನು 18ನೆಯ ಶತಮಾನದ ಆದಿಯಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿಯೂ ಚಿತ್ರವಿದ್ಯೆಗೆ ಸ್ಥಳವುಂಟು. ಚಿತ್ರ ಬರೆಯಿಸುವವರು ಬಣ್ಣದ ಬಂಧದ ವಿಚಾರವನ್ನು ಅರಿತಿರಬೇಕೆಂಬದು ಹೀಗೆ ಅರಸರೇ ಒಪ್ಪಿದ ಮಾತು.

ಎಣ್ಣೆಬಣ್ಣವು ಯುರೋಪದಿಂದ ಬಂದದ್ದೆಂದು ಸಾಮಾನ್ಯತಃ ಹೇಳುವರು. ನಮ್ಮ ಕಡೆಗೆ ಅದು ಆ ದಾರಿಯಿಂದಲೇ ಬಂದದ್ದು ನಿಜ. ಆದರೆ ಒಣಗುವ ಎಣ್ಣೆಯಲ್ಲಿ ಬಣ್ಣವನ್ನು ಅರೆದು ಬರೆದ ಅತಿ ಹಳೆಯ ಚಿತ್ರಗಳು ದೊರೆತದ್ದು ಅಫಘಾನಿಸ್ತಾನದ ಬಾಮಿಯಾನದ ಬೌದ್ಧ ಗುಹೆಗಳಲ್ಲಿ. 7ನೆಯ ಶತಮಾನದ ಮಧ್ಯದ ಆ ಗೋಡೆಚಿತ್ರಗಳಲ್ಲಿ ಎಣ್ಣೆಯಿರುವದನ್ನು ಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದರು. ಯುರೋಪದಲ್ಲಿ ತೈಲವರ್ಣದ ಭಾವಚಿತ್ರವು ಪ್ರೌಢಿಗೆ ಬಂದದ್ದು 15ನೆಯ ಶತಮಾನದಲ್ಲಿ. ಅಂದಮೇಲೆ ಈ ವಿದ್ಯೆಯು ಕೇವಲ ಪರಕೀಯವೆಂದು ಮಠದ ಹೊಸ್ತಿಲಲ್ಲಿ ತಡೆಯುವ ಕಾರಣವಿಲ್ಲ.

ಕನ್ನಡ ನಾಡಿಗೆ ತೈಲಚಿತ್ರದ ರುಚಿಯನ್ನು ಹತ್ತಿಸಿದವರಲ್ಲಿ ರಾಜಾ ರವಿವರ್ಮನು (1848–1906) ಮುಖ್ಯನು. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಮಂತ್ರಣದ ಮೇರೆಗೆ ಆತನು ಮೈಸೂರಿಗೆ ಬಂದು ರಾಜಮನೆತನದವರ ಭಾವಚಿತ್ರಗಳನ್ನು ಬರೆದನು. ಆ ವರೆಗೆ ಮೈಸೂರಿನ ಚಿತ್ರಗಾರರು ಹಲಗೆಯ ಮೇಲೆ ಗೋಂದಿನ ಬಣ್ಣ ಮತ್ತು ಚಿನ್ನದ ರೇಕುಗಳಿಂದ ದೇವತಾಚಿತ್ರಗಳನ್ನು ರಚಿಸುತ್ತಿದ್ದರು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಇಲಾಖೆಯೊಳಗಿತ್ತಾದ ಕಾರಣ ಇತ್ತಲಿನ ತರುಣರ ದೃಷ್ಟಿಯು ಮೈಸೂರಿಗಿಂತ ಹೆಚ್ಚಾಗಿ ಮುಂಬಯಿಯ ಕಡೆಗೆ ಹರಿಯುತ್ತಿದ್ದಿತು. 1857ರಲ್ಲಿ ಸ್ಥಾಪಿತವಾದ ಸರ್ ಜೆ. ಜೆ. ಚಿತ್ರಕಲಾ ಶಾಲೆಯಿಂದ ಅಚ್ಚುಕಟ್ಟಾದ ರೇಖನ, ನೆರಳು–ಬೆಳಕುಗಳ ಅಭ್ಯಾಸ, ಎದುರಿಗೆ ಕುಳಿತವರನ್ನು ಬರೆಯುವ ಪದ್ಧತಿ ಇವು ಈ ಭಾಗಕ್ಕೆ ಬಂದವು. 1894ರಲ್ಲಿ ರವಿವರ್ಮನು ಮುಂಬಯಿಯಲ್ಲಿ ತೆರೆದ ಮುದ್ರಣಾಲಯದ ಪಟಗಳು ಹಳ್ಳಿಯ ಪಡಸಾಲೆಗಳ ವರೆಗೂ ಮುಟ್ಟಿ, ಹೊಳಪಿನ ತೈಲಚಿತ್ರವೆಂದರೆ ಹೇಗಿರಬೇಕೆಂಬ ಕಲ್ಪನೆಯನ್ನು ಜನರ ಮನಸ್ಸಿನಲ್ಲಿ ನೆಲೆಗೊಳಿಸಿದವು. ಮುಂದೆ ಧಾರವಾಡದಲ್ಲಿ ಡಿ. ವ್ಹಿ. ಹಾಲಭಾವಿಯವರ ಚಿತ್ರಶಾಲೆಯೂ ಬೆಳಗಾವಿಯಲ್ಲಿ ಕೆ. ಬಿ. ಕುಲಕರ್ಣಿಯವರ ಚಿತ್ರಮಂದಿರವೂ ಈ ವಿದ್ಯೆಯನ್ನು ಮನೆಬಾಗಿಲಿಗೆ ತಂದವು. ಕುಲಕರ್ಣಿಯವರ ಕೈಯಲ್ಲಿ ಕಲಿತ ರವಿ ಪರಾಂಜಪೆಯವರು ದೇಶವ್ಯಾಪಿ ಕೀರ್ತಿಯನ್ನು ಪಡೆದದ್ದು ಬೆಳಗಾವಿಯ ಅಭಿಮಾನದ ವಿಷಯ.

ಮಠಗಳ ಪಟಗಳೆಲ್ಲವೂ ಎದುರಿಗೆ ಕುಳ್ಳಿರಿಸಿ ಬರೆದವಲ್ಲ. ಚಿಕ್ಕದೊಂದು ಛಾಯಾಚಿತ್ರವನ್ನು ದೊಡ್ಡದು ಮಾಡಿ ಅದರ ಮೇಲೆ ಬಣ್ಣ ತುಂಬಿದವೂ, ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡು ಬಟ್ಟೆಯ ಮೇಲೆ ಬರೆದವೂ ಅನೇಕ ಇರುವವು. ಇವುಗಳೊಳಗಿನ ಭೇದವನ್ನರಿಯದೆ ಎಲ್ಲಕ್ಕೂ ಒಂದೇ ಉಪಚಾರ ಮಾಡಹೋದರೆ ಹಾನಿಯಾಗುವದು.

ಇನ್ನು ಎಣ್ಣೆಯ ಮಾತು. ತೈಲವರ್ಣಕ್ಕೆ ಮುಖ್ಯವಾದ ಅಗಸೆಯೆಣ್ಣೆಯು ದೂರದೇಶದ ವಸ್ತುವೇನೂ ಅಲ್ಲ. ಸವದತ್ತಿ, ರಾಮದುರ್ಗ, ಬೈಲಹೊಂಗಲಗಳ ಎರೆಭೂಮಿಯಲ್ಲಿ ಹಿಂಗಾರಿಯ ಜೋಳದೊಡನೆ ಅಗಸಿ–ಕುಸುಬಿಗಳನ್ನು ಬಿತ್ತುವದು ಹಳೆಯ ಒಕ್ಕಲುತನದ ರೂಢಿ. ಅಗಸಿಯ ಹಿಂಡಿಯಿಲ್ಲದೆ ಇತ್ತಲಿನ ರೊಟ್ಟಿಯ ಬುತ್ತಿಯೇ ಇಲ್ಲ. ಕುಸುಬಿಯ ಮುಳ್ಳಿಗೆ ಅಂಜಿ ದನಗಳು ಹೊಲವನ್ನು ಹೊಗಲಾರವೆಂದು ಅದನ್ನು ಬದುವಿನ ಸಾಲಿಗೆ ಬಿತ್ತುವರು. ಗಾಣದ ಕಣ್ಣಪ್ಪನಂಥ ಶರಣನು ಕಾಯಕ ಮಾಡಿದ ಗಾಣದಿಂದ ಹೊರಬಿದ್ದ ಎಣ್ಣೆಯೇ ಒಂದು ಕಡೆಗೆ ಬುತ್ತಿಗೂ ದೀಪಕ್ಕೂ, ಇನ್ನೊಂದು ಕಡೆಗೆ ಚಿತ್ರಗಾರನ ಬಟ್ಟಲಿಗೂ ಸಲ್ಲುವದು. ಆದರೆ ಎಲ್ಲ ಎಣ್ಣೆಗಳೂ ಚಿತ್ರಕ್ಕೆ ಬಾರವು. ಶೇಂಗಾದೆಣ್ಣೆ, ಔಡಲೆಣ್ಣೆಗಳನ್ನು ಹಚ್ಚಿದರೆ ವರ್ಷ ಕಳೆದರೂ ಅಂಟಂಟಾಗಿಯೇ ಇರುವವು. ಅಗಸೆಯೆಣ್ಣೆಯನ್ನು ತೆಳ್ಳಗೆ ಹಚ್ಚಿಟ್ಟರೆ ಕೆಲವು ದಿನಗಳಲ್ಲಿ ಗಟ್ಟಿಯಾದ ಪೊರೆಯಾಗುವದು.

ಈ ಭೇದಕ್ಕೆ ಕಾರಣವೇನು? ನೀರು ಒಣಗುವಂತೆ ಎಣ್ಣೆಯು ಆವಿಯಾಗಿ ಹೋಗುವದಿಲ್ಲ. ಅದು ಹವೆಯೊಳಗಿನ ಪ್ರಾಣವಾಯುವನ್ನು ಹೀರಿಕೊಂಡು, ತನ್ನ ಅಣುಗಳನ್ನು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುವದು. ಆದುದರಿಂದಲೇ ಒಣಗುವಾಗ ಅಗಸೆಯೆಣ್ಣೆಯ ತೂಕವು ಕಡಿಮೆಯಾಗುವ ಬದಲು ಮೊದಲು ಹೆಚ್ಚುವದು. ಈ ಹೆಣಿಗೆಗೆ ಬೇಕಾದ ಲಿನೊಲೆನಿಕ್ ಆಮ್ಲವು ಅಗಸೆಯೆಣ್ಣೆಯಲ್ಲಿ ಸುಮಾರು ಅರ್ಧದಷ್ಟಿರುವದು. ಅದೇ ಆಮ್ಲವು ಕಾಲಾಂತರದಲ್ಲಿ ಬಣ್ಣವನ್ನು ಹಳದಿಗೂ ತಿರುಗಿಸುವದು. ಕುಸುಬಿಯೆಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಅದು ನಿಧಾನವಾಗಿ ಒಣಗಿದರೂ ಹೆಚ್ಚು ಹಳದಿಯಾಗದು. ಬಿಳಿಯ ಬಣ್ಣವನ್ನು ಕುಸುಬಿಯೆಣ್ಣೆಯಲ್ಲಿ ಅರೆಯುವ ಪದ್ಧತಿಯು ಇದರಿಂದಲೇ ಬಂದದ್ದು. ಗುರುಗಳ ಹಣೆಯ ತ್ರಿಪುಂಡ್ರವನ್ನು ಬರೆಯುವಾಗ ಈ ಸೂಕ್ಷ್ಮವನ್ನು ಲಕ್ಷ್ಯದಲ್ಲಿಡತಕ್ಕದ್ದು. ಅಗಸೆಯೆಣ್ಣೆಯ ಹಳದಿಯ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಕತ್ತಲೆಯಲ್ಲಿಟ್ಟ ಪಟವು ಬೇಗ ಹಳದಿಯಾಗುವದು, ಬೆಳಕಿಗೆ ತಂದರೆ ಆ ಹಳದಿಯು ತಕ್ಕಮಟ್ಟಿಗೆ ಇಳಿಯುವದು. ಗದ್ದುಗೆಯ ಬಳಿಯ ಕತ್ತಲೆಯ ಗೋಡೆಗೆ ವರ್ಷಗಟ್ಟಲೆ ತೂಗಿದ ಚಿತ್ರವನ್ನು ಕೆಟ್ಟುಹೋಯಿತೆಂದು ನಿರ್ಧರಿಸುವ ಮುಂಚೆ, ನೇರ ಬಿಸಿಲು ತಾಗದ ಬೆಳಕಿನ ಕೋಣೆಯಲ್ಲಿ ಕೆಲವು ವಾರ ಇಟ್ಟು ನೋಡುವದು ಲೇಸು. ಖರ್ಚಿಲ್ಲದ ಇಂಥ ಉಪಾಯವು ನೆನಪಿಗೆ ಬರುವದು ಮಾತ್ರ ಬಹುತರ ಕೊನೆಗೇ.

ತೈಲಚಿತ್ರದ ಪದರುಗಳಿಗೆ ಒಂದು ಕಟ್ಟಳೆಯಿರುವದು. ಕೆಳಗಿನ ಪದರಿನಲ್ಲಿ ಎಣ್ಣೆ ಕಡಿಮೆಯಿರಬೇಕು, ಮೇಲುಮೇಲಿನ ಪದರುಗಳಲ್ಲಿ ಹೆಚ್ಚುತ್ತ ಹೋಗಬೇಕು. ಜಿಡ್ಡಿನ ಪದರು ಕೆಳಗಾಗಿ ಬೇಗ ಒಣಗುವ ಪದರು ಮೇಲಾದರೆ, ಮೇಲಿನದು ಬಿಗಿದ ತರುವಾಯವೂ ಕೆಳಗಿನದು ಅಲುಗುತ್ತಿರುವದು. ಆಗ ಎರೆಹೊಲವು ಬೇಸಿಗೆಯಲ್ಲಿ ಬಿರಿದಂತೆ ಚಿತ್ರವು ಬಿರಿಯುವದು. ಬಣ್ಣಗಳೂ ಎಲ್ಲವೂ ಒಂದೇ ವೇಗದಿಂದ ಒಣಗುವದಿಲ್ಲ. ಮ್ಯಾಂಗನೀಜವುಳ್ಳ ಕಂದುಮಣ್ಣು ಬೇಗ ಒಣಗುವದು. ದೀಪದ ಕಾಡಿಗೆಯ ಕಪ್ಪು ಎಣ್ಣೆಯನ್ನು ಬಹಳ ಕುಡಿದು ತಡವಾಗಿ ಒಣಗುವದು. ಗುರುಗಳ ಕರಿಯ ಗಡ್ಡವನ್ನೂ ಕರಸ್ಥಲದ ಇಷ್ಟಲಿಂಗವನ್ನೂ ಮೊದಲು ದಪ್ಪಗೆ ಕಪ್ಪಿನಿಂದ ತುಂಬಿ, ಅದರ ಮೇಲೆ ತಿಳಿಬಣ್ಣದ ಹೊಳಪನ್ನು ಅವಸರದಿಂದ ಇಟ್ಟ ಪಟಗಳಲ್ಲಿ ಮೊದಲು ಬಿರಿಯುವವು ಅವೇ ಸ್ಥಳಗಳು. ಕಾವಿಯ ವಸ್ತ್ರವು ಎಲ್ಲಕ್ಕಿಂತ ಚೆನ್ನಾಗಿ ಉಳಿಯುವದು; ಕಾವಿಮಣ್ಣೆಂದರೆ ಕಬ್ಬಿಣದ ತುಕ್ಕಿನ ಜಾತಿಯದು, ಅದು ಬೆಳಕಿಗೂ ಎಣ್ಣೆಗೂ ಶಾಖಕ್ಕೂ ಸುಲಭವಾಗಿ ಬಗ್ಗುವದಿಲ್ಲ.

ಹೀಗೆ ತೈಲವರ್ಣದ ಮೂಲಗುಣವೇ ಸಾವಕಾಶ. ಮುಟ್ಟಿದರೆ ಅಂಟದಷ್ಟು ಒಣಗಲು ದಿನಗಳು ಅಥವಾ ವಾರಗಳು, ಒಳಗಿನ ವರೆಗೆ ಬಲಿಯಲು ತಿಂಗಳುಗಳು, ದಪ್ಪ ಪದರಾದರೆ ವರ್ಷಗಳೇ ಬೇಕು. ಈ ಸಾವಕಾಶವನ್ನು ಶಾಖದಿಂದ ಗೆಲ್ಲಬೇಕೆಂಬ ಯತ್ನವು ಹೊಸದಲ್ಲ. ಈಜಿಪ್ಟದ ಫಯೂಮ ಪ್ರಾಂತದಲ್ಲಿ ಕ್ರಿ. ಶ. 1ರಿಂದ 3ನೆಯ ಶತಮಾನಗಳ ವರೆಗೆ ಮೃತರ ಮುಖಚಿತ್ರಗಳನ್ನು ಜೇನುಮೇಣದಲ್ಲಿ ಬಣ್ಣ ಕೂಡಿಸಿ ಹಲಗೆಯ ಮೇಲೆ ಬರೆದರು. ಅವು ಇಂದಿಗೂ ನಿನ್ನೆ ಬರೆದಂತೆ ಕಾಣುವವು. ನಮ್ಮ ನಾಡಿನಲ್ಲಿ ಚನ್ನಪಟ್ಟಣದ ಗೊಂಬೆಗಾರರು ಚರಕಿಯ ಮೇಲೆ ತಿರುಗುತ್ತಿರುವ ಕಟ್ಟಿಗೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ತಿಕ್ಕಾಟದ ಶಾಖದಿಂದ ಅರಗು ಕರಗಿ ಕಟ್ಟಿಗೆಯನ್ನು ಹೊದೆಯುವದು, ಶಾಖವು ಆರಿದೊಡನೆ ಕಲ್ಲಿನಂತಾಗುವದು. ಮಠದ ಭಕ್ತರ ಅಂಗದ ಮೇಲೆಯೇ ಇರುವ ಇಷ್ಟಲಿಂಗದ ಕರಿಯ ಹೊದಿಕೆಯೂ ಜೇಡಿಮಣ್ಣು, ಗೋಮಯದ ಬೂದಿ, ಕೇರುಬೀಜದ ರಸಗಳಿಂದಾದದ್ದು. ಒಳಗಿನ ಶಿಲೆಯು ಸವೆಯದಂತೆ ಅದು ಕಾಪಾಡುವದು. ಗಟ್ಟಿಯಾಗುವ ಲೇಪವನ್ನು ಅರಿತ ಜನರಿಗೆ ಹೊಸ ಲೇಪದ ತತ್ತ್ವವನ್ನು ತಿಳಿಯುವದು ಕಠಿಣವಲ್ಲ.

ಅರಗು ಮತ್ತು ಬಣ್ಣಗಳ ನಂಟನ್ನು ಬಲ್ಲ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ, 1937ರಲ್ಲಿ, ಅರಗು ಮತ್ತು ಬಣ್ಣಗಳ ಕಾರಖಾನೆಯೊಂದು ಹುಟ್ಟಿತು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸದ ಶಾಯಿಯನ್ನು 1962ರಿಂದ ಒದಗಿಸಿದ್ದು ಇದೇ ಸಂಸ್ಥೆಯೇ. ಅದೇ ಕಾಲದಲ್ಲಿ, 1936ರಲ್ಲಿ, ಮೆಕ್ಸಿಕೋದ ಚಿತ್ರಗಾರ ಸಿಕೇರೋಸನು ನ್ಯೂಯಾರ್ಕದಲ್ಲಿ ಪ್ರಯೋಗಶಾಲೆಯನ್ನು ತೆರೆದು ಮೋಟಾರು ಗಾಡಿಗಳಿಗೆ ಹೊಡೆಯುವ ಬಣ್ಣಗಳಿಂದ ಚಿತ್ರಗಳನ್ನು ಬರೆಯಹತ್ತಿದನು. ಹಳೆಯ ಎಣ್ಣೆ ಮತ್ತು ಹೊಸ ರಾಳಗಳ ನಿಜವಾದ ಮದುವೆಯಾದದ್ದು ಮಾತ್ರ ಚಿತ್ರಗಾರನ ಹಲಗೆಯ ಮೇಲಲ್ಲ, ರಸಾಯನಶಾಲೆಯ ಕಡಾಯಿಯಲ್ಲಿ. ಅಗಸೆಯಂಥ ಎಣ್ಣೆಯನ್ನು ಗ್ಲಿಸರೀನ ಮತ್ತು ಥಾಲಿಕ್ ದ್ರವ್ಯಗಳೊಡನೆ 200 ಡಿಗ್ರಿ ಸೆಂಟಿಗ್ರೇಡಕ್ಕೂ ಮಿಕ್ಕಿದ ಶಾಖದಲ್ಲಿ ಬೇಯಿಸಿ ‘ಅಲ್ಕಿಡ್’ ಎಂಬ ರಾಳವನ್ನು ಅಮೆರಿಕೆಯ ರಸಾಯನಜ್ಞರು 1920ರ ದಶಕದಲ್ಲಿ ಸಿದ್ಧಪಡಿಸಿದರು. ಅಂಗಡಿಯ ಹಲಗೆಗಳಿಗೂ ಬಾಗಿಲು–ಕಿಟಕಿಗಳಿಗೂ ಬಳಿಯುವ ಎನಾಮಲ್ ಬಣ್ಣಗಳ ಜೀವವೇ ಇದು. ಇದರಲ್ಲಿ ಎಣ್ಣೆ ಮತ್ತು ರಾಳಗಳು ಒಂದೇ ಅಣುವಿನಲ್ಲಿ ಬೆಸೆದುಕೊಂಡಿರುವ ಕಾರಣ ಅಲ್ಕಿಡ್ ಬಣ್ಣಕ್ಕೂ ಎಣ್ಣೆಬಣ್ಣಕ್ಕೂ ಸಹಜವಾಗಿಯೇ ಸ್ನೇಹವುಂಟು. ಎರಡೂ ಪ್ರಾಣವಾಯುವಿನಿಂದಲೇ ಒಣಗುವವು. ಅವಸರವಿರುವ ಚಿತ್ರಗಾರನಿಗೆ ಕೆಳಪದರಿಗೆ ಅಲ್ಕಿಡ್, ಮೇಲ್ಪದರಿಗೆ ಎಣ್ಣೆ ಎಂಬ ಕ್ರಮವು ಈ ಕಾರಣದಿಂದ ನಿರಾತಂಕವಾದದ್ದು.

ಶಾಖಪಕ್ವ ವರ್ಣದ ಜಾತಿಯೇ ಬೇರೆ. ಅದರ ಮೂಲವು 1926ರಲ್ಲಿ ಅಮೆರಿಕೆಯ ವಾಲ್ಡೋ ಸೀಮನ್‌ನು ವಿನೈಲ್ ಎಂಬ ಪ್ಲಾಸ್ಟಿಕನ್ನು ಮೃದುಗೊಳಿಸುವ ಬಗೆಯನ್ನು ಕಂಡುಕೊಂಡದ್ದರಲ್ಲಿರುವದು. ವಿನೈಲ್‌ನ ನುಣ್ಣನೆಯ ಹಿಟ್ಟನ್ನು ಅದನ್ನು ಮೃದುಗೊಳಿಸುವ ದ್ರವದಲ್ಲಿ ಕಲೆಸಿದರೆ ‘ಪ್ಲಾಸ್ಟಿಸೋಲ್’ ಎಂಬ ಗಾಢ ದ್ರವವಾಗುವದು. ತಣ್ಣಗಿರುವ ವರೆಗೆ ಹಿಟ್ಟಿನ ಕಣಗಳು ಬೇರೆಬೇರೆಯಾಗಿರುವವು. ಶಾಖ ಕೊಟ್ಟಾಗ ಕಣಗಳು ದ್ರವವನ್ನು ಹೀರಿ ಉಬ್ಬಿ, ಒಂದರೊಳಗೊಂದು ಕರಗಿ, ಆರಿದ ಮೇಲೆ ಒಂದೇ ಪೊರೆಯಾಗುವವು. ಅಂಗಿಗಳ ಮೇಲೆ ರಬ್ಬರಿನಂತೆ ಉಬ್ಬಿ ನಿಂತ ಅಚ್ಚಿನ ಬಣ್ಣವನ್ನು ಕಂಡವರು ಈ ವಸ್ತುವನ್ನು ಕಂಡಂತೆಯೇ; ಅದನ್ನು ಬಟ್ಟೆಯ ಮೇಲೆ ಸುಮಾರು 160 ಡಿಗ್ರಿಯಲ್ಲಿ ಬಲಿಸುವರು. ಹವೆಯಲ್ಲಿ ಒಣಗದೆ ಶಾಖದಿಂದ ಮಾತ್ರ ಬಲಿಯುವದೆಂಬ ಇದೇ ತತ್ತ್ವದ ಮೇಲೆ ಚಿತ್ರಗಾರರಿಗಾಗಿ ಅಮೆರಿಕೆಯಲ್ಲಿ ‘ಜೆನೆಸಿಸ್’ ಎಂಬ ಹೆಸರಿನ ಬಣ್ಣವು ಹೊರಬಂದಿತು. ಅದು ಸುಮಾರು 130 ಡಿಗ್ರಿ ಸೆಂಟಿಗ್ರೇಡ ಶಾಖದಲ್ಲಿ ಬಲಿಯುವದು. ಬಿಸಿಗಾಳಿಯ ಯಂತ್ರವನ್ನು ಹಿಡಿದರೆ ನಿಮಿಷಗಳ ಕೆಲಸ.

ಈ ಬಣ್ಣದ ಗುಣವನ್ನು ಮೊದಲು ಹೇಳುವದು ನ್ಯಾಯ. ಗುರುಗಳಿಗೆ ಪೂಜೆ, ಪ್ರವಾಸ, ಭಕ್ತರ ಭೆಟ್ಟಿ ಇವುಗಳ ನಡುವೆ ಚಿತ್ರಗಾರನ ಎದುರಿಗೆ ತಾಸುಗಟ್ಟಲೆ ಕುಳ್ಳಿರಲು ಬಿಡುವು ದೊರೆಯುವದು ವಿರಳ. ಇಂದು ಅರ್ಧ ತಾಸು ಕುಳಿತರೆ ಮತ್ತೆ ಹದಿನೈದು ದಿನಕ್ಕೆ ಎನ್ನುವಂತಾಗುವದು. ಎಣ್ಣೆಬಣ್ಣವಾದರೆ ಅಷ್ಟರಲ್ಲಿ ಅರೆಬರೆ ಒಣಗಿ ತಿದ್ದುಪಡಿಗೆ ಒಗ್ಗದು. ಶಾಖಪಕ್ವ ವರ್ಣವು ಬಿಸಿ ತಗಲುವ ವರೆಗೆ ಹಸಿಯಾಗಿಯೇ ಇರುವ ಕಾರಣ ಕಣ್ಣಿನ ಕೊನೆ, ತುಟಿಯ ಅಂಚು, ಗಲ್ಲದ ನೆರಳುಗಳನ್ನು ಎರಡನೆಯ, ಮೂರನೆಯ ಕುಳಿತುಕೊಳ್ಳುವಿಕೆಯಲ್ಲಿಯೂ ತಿದ್ದಬಹುದು. ಹೋಲಿಕೆ ಕೂಡಿತೆಂದು ಮನವರಿಕೆಯಾದಾಗ ಬಲಿಸಬಹುದು. ನೋಡಿ ಬರೆಯುವ ಅಭ್ಯಾಸದ ಪ್ರತಿಗಳಿಗೆ ಇದಕ್ಕಿಂತ ಅನುಕೂಲವಾದ ವಸ್ತುವು ಸಿಕ್ಕುವದು ಕಷ್ಟ.

ಇನ್ನು ಎರಡನ್ನೂ ಕೂಡಿಸುವ ಮಾತು. ಒಂದೇ ಹಲಗೆಯ ಮೇಲೆ ಎರಡನ್ನೂ ಕಲೆಸಿ ಬರೆಯುವದು ಸುಲಭವಾಗಿ ತೋರುವದು, ಏಕೆಂದರೆ ನೋಡುವದಕ್ಕೆ ಎರಡೂ ಒಂದೇ ಬಗೆಯ ಜಿಡ್ಡುಬಣ್ಣಗಳು. ಆದರೆ ಒಂದು ಬಲಿಯಲು ಬೇಕಾದದ್ದು ಶಾಖ, ಇನ್ನೊಂದಕ್ಕೆ ಬೇಕಾದದ್ದು ಹವೆ ಮತ್ತು ಕಾಲ. ಶಾಖ ಕೊಟ್ಟಾಗ ಪ್ಲಾಸ್ಟಿಕು ಬಲಿತು ಮುಚ್ಚಿಕೊಳ್ಳುವದು; ಅದರ ಹೊಟ್ಟೆಯೊಳಗೆ ಸಿಕ್ಕಿಬಿದ್ದ ಎಣ್ಣೆಗೆ ಉಸಿರು ದೊರೆಯದು. ಎಣ್ಣೆಯ ಪಾಲು ಹೆಚ್ಚಿದಷ್ಟೂ ಬಲಿಯುವಿಕೆಯು ಅನಿಶ್ಚಿತವಾಗುವದು. ಎಣ್ಣೆಯ ಪದರಿನ ಮೇಲೆ ಶಾಖಪಕ್ವ ವರ್ಣವನ್ನಿಡುವದು ಇನ್ನೂ ಕೆಟ್ಟದ್ದು. ಮೇಲಿನದನ್ನು ಬಲಿಸಲು ಕೊಟ್ಟ 130 ಡಿಗ್ರಿಯ ಶಾಖವೆಲ್ಲ ಕೆಳಗಿನ ಎಣ್ಣೆಗೂ ತಗಲುವದು. ಒಳಗೆ ಹಸಿಯಿದ್ದರೆ ಅದು ಸುಕ್ಕುಗಟ್ಟುವದು, ಒಣಗಿದ್ದರೆ ಹಳದಿಯಾಗಿ ಪೆಡಸಾಗುವದು. ಉಳಿದದ್ದು ಒಂದೇ ದಾರಿ. ಕೆಳಪದರನ್ನು ಶಾಖಪಕ್ವ ವರ್ಣದಿಂದ ತೆಳ್ಳಗೆ ಬರೆದು, ಪೂರ್ಣವಾಗಿ ಬಲಿಸಿ, ಆರಿದ ಮೇಲೆ, ಹೊಳಪಿಲ್ಲದೆ ತುಸು ಒರಟಾದ ಅದರ ಮೈಮೇಲೆ ಎಣ್ಣೆಬಣ್ಣದ ತೆಳುಪದರುಗಳನ್ನು ಇಡುವದು. ಇದರಲ್ಲಿಯೂ ಪೂರ್ಣ ನಿಶ್ಚಿಂತೆಯಿಲ್ಲ. ವಿನೈಲನ್ನು ಮೃದುಗೊಳಿಸಿದ ದ್ರವವು ವರ್ಷಗಳು ಕಳೆದಂತೆ ಮೆಲ್ಲನೆ ಮೇಲಕ್ಕೆ ಸರಿಯುವ ಸ್ವಭಾವದ್ದು. ಅದು ಮೇಲಿನ ಎಣ್ಣೆಯ ಪೊರೆಯನ್ನು ಮೆತ್ತಗೆ ಮಾಡಬಲ್ಲದು. ಮೆತ್ತಗಾದ ಮೈಗೆ ಧೂಳು ಅಂಟುವದು. ಮಠದಲ್ಲಿಯಾದರೋ ನಿತ್ಯದ ಎಣ್ಣೆದೀಪ, ಕರ್ಪೂರ, ಧೂಪಗಳ ಮಸಿಯೂ ಜೊತೆಗೂಡುವದು. ಬಲಿಸುವಾಗ ಶಾಖವು ಮೇರೆ ಮೀರಿದರೆ ವಿನೈಲಿನಿಂದ ಉಸಿರಾಟಕ್ಕೆ ಕೆಡುಕಾದ ಆಮ್ಲದ ಹೊಗೆಯೂ ಏಳುವದಾದ್ದರಿಂದ ಮುಚ್ಚಿದ ಕೋಣೆಯಲ್ಲಿ ಈ ಕೆಲಸವನ್ನು ಮಾಡಲಾಗದು.

500 ವರ್ಷಗಳ ತೈಲಚಿತ್ರಗಳು ಇಂದಿಗೂ ಕಣ್ಣೆದುರಿಗಿರುವವು. ಶಾಖಪಕ್ವ ವರ್ಣಕ್ಕೆ ಇನ್ನೂ ಒಂದು ಪುರುಷಾಯುಷ್ಯವೂ ತುಂಬಿಲ್ಲ. ಆದುದರಿಂದ ಪೀಠದ ಸಾಲಿನಲ್ಲಿ ತೂಗುವ ಮುಖ್ಯ ಪಟವನ್ನು ಮೊದಲಿನಿಂದ ಕೊನೆಯ ವರೆಗೆ ಎಣ್ಣೆಯಲ್ಲಿಯೇ ಬರೆಯಿಸುವದು, ಹೊಸ ಬಣ್ಣವನ್ನು ಅಭ್ಯಾಸದ ಪ್ರತಿಗಳಿಗೂ ಸಭಾಮಂಟಪದ ತಾತ್ಪೂರ್ತಿಕ ಚಿತ್ರಗಳಿಗೂ ಉಪಯೋಗಿಸುವದು ಯುಕ್ತವಾಗಿ ತೋರುವದು. ಅವಸರವೇ ಇದ್ದರೆ ಅಲ್ಕಿಡ್ ಉಂಟು.

ಹಳೆಯ ಪಟಗಳ ವಿಷಯದಲ್ಲಂತೂ ಎರಡು ಮಾತಿಲ್ಲ. ಪೂರ್ವದ ತೈಲಚಿತ್ರಕ್ಕೆ ಬಿಸಿಗಾಳಿಯನ್ನು ಹಿಡಿಯುವದೆಂದರೆ ಅದರ ಬಟ್ಟೆ, ಸರಸಿನ ಅಸ್ತರಿ, ರಾಳದ ವಾರ್ನಿಶು, ಬಣ್ಣ ಇವೆಲ್ಲವನ್ನೂ ಒಮ್ಮೆಲೇ ಗಂಡಾಂತರಕ್ಕೆ ಒಡ್ಡಿದಂತೆ. ಬೆನ್ನಿಗೆ ಮೇಣದ ಅಸ್ತರಿ ಕೊಟ್ಟ ಪಟವಾದರೆ ಆ ಮೇಣವು 130 ಡಿಗ್ರಿಗೆ ಎಷ್ಟೋ ಮುಂಚೆ ಕರಗುವದು. ಹೊಸ ಬಣ್ಣವನ್ನು ಹಳೆಯ ಮುಖದ ಮೇಲೆಯೇ ಬಳಿದರೆ, ಗುರುಗಳನ್ನು ಕಣ್ಣಾರೆ ಕಂಡ ಚಿತ್ರಗಾರನ ಕೈಬರಹವು ಅವರನ್ನು ಕಾಣದವನ ಕೈಬರಹದ ಕೆಳಗೆ ಹೂಳಲ್ಪಡುವದು. ವಿನೈಲ್ ಪದರನ್ನು ಮುಂದೆ ತೆಗೆಯಹೋದರೆ ಅದಕ್ಕೆ ಬಳಸುವ ದ್ರಾವಣವು ಕೆಳಗಿನ ಎಣ್ಣೆಬಣ್ಣವನ್ನೂ ಕದಡುವದು. ಇದು ನವೀಕರಣವಲ್ಲ. ಹಳದಿಗೆ ತಿರುಗಿದ ವಾರ್ನಿಶನ್ನು ತೆಗೆಯುವದು, ಮಸಿಯನ್ನು ತೊಳೆಯುವದು, ಬಿರಿದ ಪದರನ್ನು ಅಂಟಿಸುವದು ಇವು ಬಲ್ಲವರ ಕೆಲಸಗಳು. ಮೈಸೂರಿನಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಶಾಲೆಯ ಪ್ರಾದೇಶಿಕ ಕೇಂದ್ರವೂ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಸಂಸ್ಥೆಯ ಚಿತ್ರಸಂರಕ್ಷಣಾ ಕೇಂದ್ರವೂ ಇಂಥ ಕೆಲಸಕ್ಕಾಗಿಯೇ ಹುಟ್ಟಿದವು. ಸೋಪಿನ ನೀರು, ಹಸಿ ಬಟ್ಟೆ, ಕೊಬ್ಬರಿ ಎಣ್ಣೆಗಳಿಂದ ಪಟಗಳನ್ನು ಒರೆಸುವ ಭಕ್ತಿಯು ಎಷ್ಟು ನಿರ್ಮಲವಾದದ್ದೋ ಅಷ್ಟೇ ಅಪಾಯಕರವಾದದ್ದು.

ಮಳೆಯ ಕಿತ್ತೂರಿಗೂ ಒಣಹವೆಯ ಸವದತ್ತಿಗೂ ಅಂತರವು ಬಹಳವಿಲ್ಲದಿದ್ದರೂ ಹವೆಯ ಭೇದವು ಬಹಳ. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರ ಕಡೆಯ ಮಠಗಳಲ್ಲಿ ಶ್ರಾವಣದ ತೇವಕ್ಕೆ ಬಟ್ಟೆಯು ಸಡಿಲಾಗಿ, ಬೇಸಿಗೆಗೆ ಬಿಗಿಯುವದು. ಪಟದ ಬೆನ್ನು ಗೋಡೆಗೆ ಅಂಟದಂತೆ ಎರಡು ಬೆರಳು ಬಿಟ್ಟು ತೂಗುವದು, ಹಸಿ ಹೂವಿನ ಮಾಲೆಯನ್ನು ಬಣ್ಣಕ್ಕೆ ತಾಗದಂತೆ ಚೌಕಟ್ಟಿಗೆ ಮಾತ್ರ ಹಾಕುವದು, ದೀಪವನ್ನು ನೇರ ಕೆಳಗಿಡದೆ ಪಕ್ಕಕ್ಕಿಡುವದು ಇವಿಷ್ಟೇ ಪಟದ ಆಯುಷ್ಯಕ್ಕೆ ಎಷ್ಟೋ ವರ್ಷಗಳನ್ನು ಕೂಡಿಸುವವು.

ಮಹೋತ್ಸವಕ್ಕೆ ಹೊಸ ತೈಲಚಿತ್ರವು ಬೇಕೆನ್ನುವ ಮಠದವರು ಉತ್ಸವಕ್ಕೆ ಒಂದು ವರ್ಷ ಮೊದಲೇ ಚಿತ್ರಗಾರನನ್ನು ಕರೆಯಿಸತಕ್ಕದ್ದು. ಬರೆಯುವದಕ್ಕೆ ಕೆಲವು ತಿಂಗಳು, ಬಲಿಯುವದಕ್ಕೆ ಆರು ತಿಂಗಳು, ಆ ಮೇಲೆ ವಾರ್ನಿಶು. ಪಟದ ಬೆನ್ನಿಗೆ ಚಿತ್ರಗಾರನ ಹೆಸರು, ಮಿತಿ, ನೋಡಿ ಬರೆದದ್ದೋ ಛಾಯಾಚಿತ್ರದಿಂದ ಬರೆದದ್ದೋ ಎಂಬ ಮಾತು, ಯಾವ ಎಣ್ಣೆ, ಯಾವ ಬಿಳಿ, ಯಾವ ವಾರ್ನಿಶು ಎಂಬ ವಿವರ, ಕೃತಕ ಬಣ್ಣವನ್ನು ಸ್ವಲ್ಪವಾದರೂ ಬಳಸಿದ್ದರೆ ಅದರ ಹೆಸರು ಮತ್ತು ಯಾವ ಪದರಿನಲ್ಲಿ ಎಂಬದು, ಇವಿಷ್ಟನ್ನೂ ಒಂದು ಚೀಟಿಯಲ್ಲಿ ಬರೆಯಿಸಿ, ಅದನ್ನು ಬಟ್ಟೆಗಲ್ಲದೆ ಚೌಕಟ್ಟಿನ ಕಟ್ಟಿಗೆಗೆ ಅಂಟಿಸಬೇಕು. ಅದರ ಪ್ರತಿಯೊಂದು ಮಠದ ದಫ್ತರದಲ್ಲಿಯೂ ಇರತಕ್ಕದ್ದು.